ಪದಚರ್ಚೆ: ಒಂದೇ ಫಲಕದಲ್ಲಿ ಮೂರು ‘ಚಾರ್ಜ್’

ಗೆಳೆಯರೇ,
ನಮ್ಮ ವಸತಿ ಸಮುಚ್ಚಯದಲ್ಲಿ ವಿದ್ಯುತ್ ವಾಹನಗಳಿಗಾಗಿ ಒಂದು ಫಲಕ ಬರೆಸಬೇಕು. ನಾಳೆ ಬೆಳಿಗ್ಗೆ ಅದು ಮುದ್ರಣಕ್ಕೆ ಹೋಗುತ್ತದೆ. ಇಂಗ್ಲಿಷ್ ಕರಡಿನಲ್ಲಿ ‘ಚಾರ್ಜ್’ ಮೂರು ಸಲ ಬಂದಿದೆ: ಚಾರ್ಜಿಂಗ್ ಸ್ಟೇಷನ್, ಯೂನಿಟ್ ಲೆಕ್ಕದ ಚಾರ್ಜಸ್, ಇನ್‌ಚಾರ್ಜ್. ಮೊದಲನೆಯದಕ್ಕೆ ಸಂಘದ ಕಾರ್ಯದರ್ಶಿಗಳು ‘ವಿದ್ಯುದಾವೇಶ ಕೇಂದ್ರ’ ಎನ್ನುತ್ತಾರೆ. ಸರಿಯೇ?

ಉತ್ತರ:
ಸರಿಯಲ್ಲ. ಆವೇಶ ಭೌತವಿಜ್ಞಾನದ ಪಠ್ಯದ್ದು; ಎಲೆಕ್ಟ್ರಾನಿಗೆ ಒಪ್ಪುತ್ತದೆ, ಸ್ಕೂಟರಿಗಲ್ಲ. ಇಂಗ್ಲಿಷಿನಲ್ಲಿ ಪದ ಒಂದೇ ಇರಬಹುದು, ನಮ್ಮಲ್ಲಿ ಅದರ ಕೆಲಸ ಎಂದೋ ಹಂಚಿಹೋಗಿದೆ. ಪೊಲೀಸರು ಸಲ್ಲಿಸುವುದು ದೋಷಾರೋಪ ಪಟ್ಟಿ, ಬೀದಿಯಲ್ಲಿ ನಡೆಸುವುದು ಲಾಠಿ ಪ್ರಹಾರ. ಹುದ್ದೆ ಖಾಲಿಯಿದ್ದರೆ ಪ್ರಭಾರ ಪ್ರಾಂಶುಪಾಲರು. ಸಚಿವರಾದರೆ ಜಿಲ್ಲಾ ಉಸ್ತುವಾರಿ. ನಿಮಗೆ ಬೇಕಾದದ್ದು: ಚಾರ್ಜಿಂಗ್ ಕೇಂದ್ರ, ದರ, ಉಸ್ತುವಾರಿ. ‘ಶುಲ್ಕ’ ಬೇಡ. ಅದು ಪ್ರವೇಶಕ್ಕೆ, ಪರೀಕ್ಷೆಗೆ, ನೋಂದಣಿಗೆ ಕಟ್ಟುವಂಥದ್ದು. ಯೂನಿಟ್ ಲೆಕ್ಕಕ್ಕೆ ದರವೇ ಸರಿ.

ಮರು ಉತ್ತರ:
ಮೂರರಲ್ಲಿ ಒಂದು ಇಂಗ್ಲಿಷ್, ಒಂದು ಪಾರಸಿ! ನಾಮಫಲಕದ ಶೇ 60 ಭಾಗ ಕನ್ನಡದಲ್ಲಿರಬೇಕೆಂದು 2024ರಲ್ಲಿ ಕಾಯ್ದೆ ತಿದ್ದಿದ್ದು ಇಂಗ್ಲಿಷನ್ನು ನಮ್ಮ ಅಕ್ಷರದಲ್ಲಿ ಕೂರಿಸುವುದಕ್ಕಲ್ಲ. ‘ಚಾರ್ಜ್’ನ ಬೇರು ಲ್ಯಾಟಿನ್ನಿನಲ್ಲಿ ಗಾಡಿಗೆ ಹೊರೆ ಹೇರುವುದು, ‘ಕಾರ್ಗೋ’ ಅದರ ದಾಯಾದಿ. ನಮ್ಮ ‘ಹೊರು’ ಅದೇ ಹಾದಿಯಲ್ಲಿ ನಡೆದಿದೆ: ತಪ್ಪು ಹೊರಿಸುತ್ತೇವೆ, ಸಾಲ ಹೊರಿಸುತ್ತೇವೆ, ಹೊಣೆ ಹೊರುತ್ತೇವೆ. ಹಳಗನ್ನಡದಲ್ಲಿ ಪೊಱು. ತಮಿಳಿನ ಪೊಱುಪ್ಪು ಎಂದರೆ ಜವಾಬ್ದಾರಿ. ಹೊಣೆಯೂ ಇದೇ ಬೇರಿನದು. ‘ಮಿಂಚುಹೊರೆ ತಾಣ’ ಎಂದು ಬರೆಸಿ.

ಉತ್ತರ:
ಹೊಣೆ ಆ ಬೇರಿನದಲ್ಲ. ಅದರ ಹಳೆಯ ರೂಪ ಪೊಣೆ. ಶಕಟರೇಫವನ್ನು, ಅಂದರೆ ಹಳೆಯ ‘ಱ’ ಅಕ್ಷರವನ್ನು, ಣಕಾರಕ್ಕೆ ಗಂಟು ಹಾಕಬೇಡಿ. ಬ್ಯಾಟರಿಗೆ ಹೊರೆಯ ಅರ್ಥವೂ ಕೂಡುವುದಿಲ್ಲ. ಅಮೆರಿಕದ ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ 18ನೇ ಶತಮಾನದಲ್ಲಿ ‘ಬ್ಯಾಟರಿ’ ಎಂಬ ಹೆಸರನ್ನು ಎತ್ತಿಕೊಂಡದ್ದು ಫಿರಂಗಿ ಸಾಲಿನಿಂದ. ಕೋವಿಗೆ ಮದ್ದು ತುಂಬುವುದೂ ಇಂಗ್ಲಿಷಿನಲ್ಲಿ ಚಾರ್ಜೇ. ಇಲ್ಲಿರುವುದು ತುಂಬುವ ಕ್ರಿಯೆ. ಕನ್ನಡವೇ ಬೇಕಿದ್ದರೆ ‘ತುಂಬು’ ಇದೆ, ಮಿಂಚುಹೊರೆ ಯಾರಿಗೂ ತಿಳಿಯದು. ‘ಮೊಬೈಲ್ ಚಾರ್ಜಿಗೆ ಹಾಕು’ ಎಂದು ಹಳ್ಳಿಯ ಅಜ್ಜಿಯರೂ ಹೇಳುತ್ತಾರೆ. ವಿಭಕ್ತಿ ಹತ್ತಿದ ಪದ ನಮ್ಮದು.

ಮರು ಉತ್ತರ:
ವಿಭಕ್ತಿ ಯಾವುದಕ್ಕೆ ಹತ್ತುವುದಿಲ್ಲ? ‘ಅಂಕಲ್‌ಗೆ ನಮಸ್ಕಾರ ಮಾಡು’ ಎಂದು ಮಕ್ಕಳಿಗೆ ಕಲಿಸಿದೆವು. ಮಾವ, ದೊಡ್ಡಪ್ಪ, ಚಿಕ್ಕಪ್ಪ ಮೂವರೂ ಹೋದರು. ಕೆಲಸ ಹಂಚಿಹೋಗಿದೆ ಎಂದು ಹೆಮ್ಮೆಪಟ್ಟವರು ನೀವೇ. ಒಂದು ಪರಪದ ಒಳಗೆ ಬಂದರೆ ನಮ್ಮ ನಾಲ್ಕು ಪದ ಹೊರಗೆ. ಇದನ್ನು ಸಾಲ ಎನ್ನುವುದಿಲ್ಲ, ಒತ್ತುವರಿ ಎನ್ನುತ್ತಾರೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ‘ಚಾರ್ಜಿಂಗ್ ಕೇಂದ್ರ’, ‘ದರ’, ‘ಉಸ್ತುವಾರಿ’ ಎಂದೇ ಕಳುಹಿಸುತ್ತಿದ್ದೇನೆ. ಕೆಳಗಿನ ಸೂಚನೆಯಲ್ಲಿ ಮಾತ್ರ ‘ಚಾರ್ಜ್ ಆದ ಮೇಲೆ’ ಎಂಬುದನ್ನು ಹೊಡೆದುಹಾಕಿ ‘ಬ್ಯಾಟರಿ ತುಂಬಿದ ಮೇಲೆ ವಾಹನ ತೆಗೆಯಿರಿ’ ಎಂದು ಬದಲಿಸಿದ್ದೇನೆ.