ಸಮುದ್ರದ ಕಡೆ ಕಿಟಕಿಯಿಂದ ಮಳೆನೀರು ಒಳಗೆ ಬರ್ತಿದೆ, ಸಿಲಿಕಾನ್ ನಿಲ್ತಾ ಇಲ್ಲ

ಕಾರವಾರದವ:
ನಮ್ಮ ಮನೆ ಕೋಡಿಬಾಗ ಕಡೆ. ಚಿರೆಕಲ್ಲಿನ ಗೋಡೆ, ಮೇಲೆ ಸಿಮೆಂಟ್ ಪ್ಲಾಸ್ಟರ್. ಸಮುದ್ರದ ಕಡೆ ಇರುವ ಕೋಣೆಗೆ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ ಹಾಕಿಸಿ ಮೂರು ವರ್ಷ ಆಯ್ತು. ಗಾಳಿ ಸೇರಿಸಿ ಮಳೆ ಹೊಡೆದರೆ ಕಿಟಕಿ ಕೆಳಗೆ ನೀರು ಇಳಿಯುತ್ತದೆ. ಅಮ್ಮನ ಮಂಚ ಅಲ್ಲೇ ಇದೆ, ರಾತ್ರಿ ಎದ್ದು ಹಳೇ ಪಂಚೆ ತುರುಕುವುದೇ ಕೆಲಸ. ಎರಡು ಸಲ ನಾನೇ ಸಿಲಿಕಾನ್ ಟ್ಯೂಬ್ ತಂದು ಹೊಡೆದೆ. ಫ್ರೇಮಿಗೆ ಹಿಡಿದಿದೆ, ಗೋಡೆ ಬದಿಯಿಂದ ಮಾತ್ರ ರಬ್ಬರ್ ದಾರದ ಹಾಗೆ ಬಿಟ್ಟುಕೊಂಡು ಬಂತು. ಎಂ-ಸೀಲ್ ತುಂಬಿದರೆ ಆಗುತ್ತಾ?

ಕುಮಟಾ ಫ್ಯಾಬ್ರಿಕೇಟರ್:
ಎಂ-ಸೀಲ್ ಬೇಡ. ಅದು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಅಲ್ಯೂಮಿನಿಯಂ ಬಿಸಿಲಿಗೆ ಹಿಗ್ಗಿ ಕುಗ್ಗುವಾಗ ಬಿರುಕು ಬಿಡುತ್ತದೆ. ನೀವು ಹೊಡೆದ ಸಿಲಿಕಾನ್ ವಿನೆಗರ್ ತರಹ ಹುಳಿ ವಾಸನೆ ಬರ್ತಿತ್ತಾ? ಹಾಗಿದ್ದರೆ ಅದು ಗಾಜಿಗೆ ಒಳ್ಳೇದು, ಸಿಮೆಂಟಿಗೆ ಅಲ್ಲ. ಒಣಗುವಾಗ ಬಿಡುವ ಆಮ್ಲಕ್ಕೂ ಸಿಮೆಂಟಿಗೂ ಆಗಿಬರುವುದಿಲ್ಲ. ಗೋಡೆ ಸಂದಿಗೆ ಪಿಯು (ಪಾಲಿಯುರೆಥೇನ್) ಸೀಲಂಟ್ ತನ್ನಿ, ಅದರ ಮೇಲೆ ಪೇಂಟ್ ಕೂಡ ಹಿಡಿಯುತ್ತದೆ. ಇಲ್ಲದಿದ್ದರೆ ಟ್ಯೂಬ್ ಮೇಲೆ ನ್ಯೂಟ್ರಲ್ ಅಂತ ಬರೆದಿರುವ ಸಿಲಿಕಾನ್ ಆದೀತು. ಹಳೇದರ ಮೇಲೆ ಹೊಸದು ಅಂಟುವುದಿಲ್ಲ, ಬ್ಲೇಡ್ ಹಾಕಿ ಪೂರ್ತಿ ಕೆರೆದು ತೆಗೆಯಬೇಕು. ಸಂದಿ ಆಳ ಇದ್ದರೆ ಮೊದಲು ಫೋಮ್ ರಾಡ್, ಅಂದರೆ ಸ್ಪಂಜಿನಂಥ ಮೆತ್ತನೆ ಹಗ್ಗ, ತುರುಕಿ. 10 ಮಿಮೀ ಅಗಲದ ಸಂದಿಗೆ 5 ಮಿಮೀ ದಪ್ಪ ಸೀಲಂಟ್ ಸಾಕು. ಆದರೆ ಈಗಲೇ ಮಾಡಬೇಡಿ, ಗೋಡೆ ಹಸಿ ಇರುವಾಗ ಯಾವುದೂ ಹಿಡಿಯುವುದಿಲ್ಲ. ದೀಪಾವಳಿ ಕಳೆದು ನಾಲ್ಕು ಬಿಸಿಲು ಬೀಳಲಿ.

ಶಿರಸಿ ಅಣ್ಣ:
ತಮ್ಮಾ, ಟ್ಯೂಬ್ ತರುವ ಮೊದಲು ಒಂದು ಕೆಲಸ ಮಾಡು. ಸ್ಲೈಡಿಂಗ್ ಕಿಟಕಿಯ ಕೆಳಗಿನ ಟ್ರ್ಯಾಕಿಗೆ ಒಂದು ಚೊಂಬು ನೀರು ನಿಧಾನಕ್ಕೆ ಹೊಯ್ದು ನೋಡು. ಹೊರಬದಿಯಲ್ಲಿ ಸಣ್ಣ ತೂತುಗಳಿರುತ್ತವೆ, ನೀರು ಅಲ್ಲಿಂದ ಹೊರಗೆ ಹೋಗಬೇಕು. ನಮ್ಮನೆಯಲ್ಲಿ ಕೆಲಸದವರು ಸೋರದಿರಲಿ ಅಂತ ಆ ತೂತನ್ನೇ ಮುಚ್ಚಿಬಿಟ್ಟಿದ್ದರು, ಟ್ರ್ಯಾಕ್ ತುಂಬಿ ನೀರು ಒಳಗೇ ಬರ್ತಿತ್ತು, ನಾವು ಒಂದು ಮಳೆಗಾಲ ಪೂರ್ತಿ ಗೋಡೆಯನ್ನೇ ಬೈದೆವು.

ಕಾರವಾರದವ:
ಅಣ್ಣಾ, ಈಗ ನೋಡಿ ಬಂದೆ. ಎರಡು ತೂತು ಇವೆ, ಎರಡಕ್ಕೂ ಸಿಲಿಕಾನ್ ಮೆತ್ತಿದೆ, ನಾನೇ ಹೊಡೆದದ್ದು. ಗೋಡೆ ಸಂದಿ ಅಂದುಕೊಂಡು ಅದರ ಮೇಲೆಯೇ ಎಳೆದಿದ್ದೆ. ಕುಕ್ಕರ್ ಸೀಟಿ ಕ್ಲೀನ್ ಮಾಡುವ ತಂತಿ ಹಾಕಿ ಚುಚ್ಚಿದೆ. ಮೊದಲು ಕಪ್ಪು ಕೆಸರು, ಆಮೇಲೆ ಒಂದು ಸತ್ತ ಇರುವೆಗೂಡು, ಆಮೇಲೆ ಸರ್ರಂತ ನೀರು. ಈಗ ಹೊಯ್ದ ಚೊಂಬು ನೀರು ಪೂರ್ತಿ ಹೊರಗೆ ಹೋಗ್ತಿದೆ.

ಕುಮಟಾ ಫ್ಯಾಬ್ರಿಕೇಟರ್:
ಇದನ್ನು ನಾನೇ ಮೊದಲು ಕೇಳಬೇಕಿತ್ತು. ಗೋಡೆ ಬದಿ ಸಂದಿ ಬಿಟ್ಟಿರುವುದೂ ನಿಜ, ಅದನ್ನು ಬಿಡಬೇಡಿ, ಬಿಸಿಲು ಬಂದ ಮೇಲೆ ಪಿಯು ಹಾಕಿ. ಹೊರಗಿನ ಕಿಟಕಿ ದಂಡೆ ಒಳಕ್ಕೆ ಇಳಿಜಾರಾಗಿದೆಯಾ, ಹೊರಕ್ಕಾ ಅಂತಲೂ ನೋಡಿ. ಒಳಕ್ಕಿದ್ದರೆ ಸಿಮೆಂಟಿನಲ್ಲಿ ಸರಿ ಮಾಡಿಸಿ, ಅದು ಅಂಟಿನ ಕೆಲಸ ಅಲ್ಲ.

ಕಾರವಾರದವ:
ನಿನ್ನೆ ರಾತ್ರಿ ಜೋರು ಮಳೆ, ಗಾಳಿಯೂ ಇತ್ತು. ಬಲಗಡೆ ಮೂಲೆಯಲ್ಲಿ ಸ್ವಲ್ಪ ಒದ್ದೆ ಆಯ್ತು, ಅಷ್ಟೇ. ಅಮ್ಮ ಎಬ್ಬಿಸಲಿಲ್ಲ. ಆ ಮೂಲೆಗೆ ನವೆಂಬರಿನಲ್ಲಿ ಪಿಯು ಹಾಕುತ್ತೇನೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.