ಹಳೆಯ ಫಿಯಟ್‌ಗೆ 4,031, ಹೊಸ ಕಾರಿಗೆ 29,652: ಈ ಇನ್ಶೂರೆನ್ಸ್ ಲೆಕ್ಕ ಬಲ್ಲವರು ತಿಳಿಸಿ

ಪ್ರಶ್ನೆ: ಎರಡೂ ಕಾರು ಮೈಸೂರು ನೋಂದಣಿ. ಒಂದು 1968ರ ಫಿಯಟ್ 1100, 1089 ಸಿಸಿ. ಇನ್ನೊಂದು ಎರಡು ವರ್ಷ ದಾಟಿದ 1497 ಸಿಸಿ ಪೆಟ್ರೋಲ್ ಎಸ್‌ಯುವಿ, ಶೋರೂಂ ಬೆಲೆ 15 ಲಕ್ಷ, ಈವರೆಗೆ ಕ್ಲೇಮ್ ಇಲ್ಲ. ಫಿಯಟ್‌ಗೆ ಬರೀ ಥರ್ಡ್ ಪಾರ್ಟಿ (ಬೇರೆಯವರಿಗಾದ ಹಾನಿಗೆ ಮಾತ್ರ), 4,031 ರೂ. ಎಸ್‌ಯುವಿ ರಿನ್ಯೂವಲ್ 29,652. ಫಿಯಟ್‌ಗೂ ಫುಲ್ ಇನ್ಶೂರೆನ್ಸ್ ಕೇಳಿದರೆ ಒಂದು ಕಡೆ ಐಡಿವಿ (ಗಾಡಿಗೆ ವಿಮೆಯಲ್ಲಿ ಕಟ್ಟುವ ಬೆಲೆ) 40 ಸಾವಿರ ಅಂದರು, ಇನ್ನೊಂದು ಕಡೆ ಆಗೋದೇ ಇಲ್ಲ ಅಂದರು. ಏನು ಮಾಡಲಿ?

ವಿಮಾ ಏಜೆಂಟ್: ಸರ್, ಥರ್ಡ್ ಪಾರ್ಟಿ ದರದಲ್ಲಿ ಹಳೆಯದು ಹೊಸದು ಅನ್ನೋ ಭೇದ ಇಲ್ಲ. ಅದನ್ನು ಸರ್ಕಾರ ಸಿಸಿ ನೋಡಿ ನಿಗದಿ ಮಾಡುತ್ತದೆ. 2022ರ ಜೂನ್ 1ರಂದು ಬಂದ ದರದಲ್ಲಿ 1000ದಿಂದ 1500 ಸಿಸಿಗೆ 3,416 ರೂ., ಮೇಲೆ 18% ಜಿಎಸ್‌ಟಿ, ಅಲ್ಲಿಗೆ 4,031. ನಿಮ್ಮ ಎರಡೂ ಕಾರು ಇದೇ ಗುಂಪಿನವು. ಎಸ್‌ಯುವಿಗೆ ಕೊಳ್ಳುವಾಗಲೇ ಮೂರು ವರ್ಷದ ಥರ್ಡ್ ಪಾರ್ಟಿ ಕಟ್ಟಿರುತ್ತೀರಿ. ಹಾಗಾಗಿ ಈಗ ಕೇಳುತ್ತಿರುವ ಹಣ ಪೂರ್ತಿ ಓನ್ ಡ್ಯಾಮೇಜ್‌ನದು, ಅಂದರೆ ನಿಮ್ಮದೇ ಗಾಡಿಯ ಹಾನಿಗೆ ಕಟ್ಟುವ ‘ಓಡಿ’.

ಅದರ ಲೆಕ್ಕ ಹೀಗೆ. ಎರಡು ವರ್ಷ ದಾಟಿದ ಕಾರಿನ ಬೆಲೆಯಲ್ಲಿ 30% ಸವಕಳಿ ಕಳೆದರೆ ಐಡಿವಿ 10.5 ಲಕ್ಷ. ವಿಮಾ ದರದ ಲೆಕ್ಕದಲ್ಲಿ ಮೈಸೂರು ಬಿ ವಲಯ, ಹಳೆಯ ಟ್ಯಾರಿಫ್ (ಮೊದಲು ಎಲ್ಲ ಕಂಪನಿಗೂ ಒಂದೇ ಇದ್ದ ದರಪಟ್ಟಿ) ದರ 3.191%, ಅಂದರೆ 33,505. ಎರಡು ವರ್ಷ ಕ್ಲೇಮ್ ಇಲ್ಲದ್ದಕ್ಕೆ ಎನ್‌ಸಿಬಿ (ನೋ ಕ್ಲೇಮ್ ಬೋನಸ್) 25% ಕಳೆದು 25,129. ಜಿಎಸ್‌ಟಿ ಸೇರಿದರೆ ಸರಿಯಾಗಿ 29,652! ನಿಮಗೆ ಒಂದು ಪೈಸೆ ಡಿಸ್ಕೌಂಟ್ ಕೊಟ್ಟಿಲ್ಲ, ಝೀರೋ ಡೆಪ್ (ಬಿಡಿಭಾಗದ ಸವಕಳಿ ಕಳೆಯದೆ ಹಣ ಕೊಡುವ ಹೆಚ್ಚುವರಿ ರಕ್ಷಣೆ) ಕೂಡ ಸೇರಿಸಿಲ್ಲ. 2007ರಿಂದ ಓಡಿ ದರ ಕಂಪನಿಗಳಿಗೇ ಬಿಟ್ಟದ್ದು, ದಯವಿಟ್ಟು ಇನ್ನೂ ಮೂರು ಕಡೆ ಕೇಳಿ. ಕೇಳುವಾಗ ಐಡಿವಿ ಒಂದೇ ಇಟ್ಟು ಹೋಲಿಸಿ. ಐಡಿವಿ ಇಳಿಸಿ ಪ್ರೀಮಿಯಂ ಕಡಿಮೆ ತೋರಿಸುವುದು ಬಹಳ ನಡೆಯುತ್ತದೆ.

ಫಿಯಟ್‌ಗೆ ದರ ಕಡಿಮೆ ಅಂದುಕೊಳ್ಳಬೇಡಿ. ಹತ್ತು ವರ್ಷ ಮೇಲ್ಪಟ್ಟ ಕಾರಿಗೆ ಅದೇ ಟ್ಯಾರಿಫ್‌ನಲ್ಲಿ 3.430%. ಐಡಿವಿ ಮೂರು ಲಕ್ಷ ಅಂತ ಇಟ್ಟುಕೊಂಡರೆ ಓಡಿ 10,290, ಥರ್ಡ್ ಪಾರ್ಟಿ ಮತ್ತು ಜಿಎಸ್‌ಟಿ ಸೇರಿ 16,173.

ಸರ್ವೇಯರ್ (ವಿಮೆಗಾಗಿ ಹಾನಿ ಅಂದಾಜು ಮಾಡುವವರು): 40 ಸಾವಿರ ಐಡಿವಿಗೆ ಖಂಡಿತ ಒಪ್ಪಬೇಡಿ. ರಿಪೇರಿ ಖರ್ಚು ಐಡಿವಿಯ 75% ದಾಟಿದರೆ ಗಾಡಿ ಟೋಟಲ್ ಲಾಸ್ ಲೆಕ್ಕಕ್ಕೆ ಹೋಗುತ್ತದೆ. ಅಂದರೆ 30 ಸಾವಿರ. ಫಿಯಟ್‌ನ ಒಂದು ಮಡ್‌ಗಾರ್ಡ್, ಒಂದು ಡೋರ್ ಟಿಂಕರಿಂಗ್ ಮಾಡಿಸಿ, ಬಣ್ಣ ಹೊಂದಲಿ ಅಂತ ಇಡೀ ಬಾಡಿಗೆ ಪೇಂಟ್ ಹೊಡೆಸಿದರೆ ಅಷ್ಟು ಸಾಲದು. ಎದ್ದು ಓಡಾಡಬಹುದಾದ ಕಾರು ಕಾಗದದಲ್ಲಿ ಗುಜರಿ ಆಗಿಬಿಡುತ್ತದೆ.

ಐದು ವರ್ಷ ದಾಟಿದ ಅಥವಾ ತಯಾರಿಕೆ ನಿಂತ ಮಾಡೆಲ್‌ಗೆ ಐಡಿವಿ ಎಷ್ಟು ಅನ್ನುವುದು ಕಂಪನಿ ಮತ್ತು ಮಾಲೀಕರು ಮಾತಾಡಿ ಒಪ್ಪುವ ವಿಷಯ. ಆನ್‌ಲೈನಲ್ಲಿ ಇದು ಆಗುವುದಿಲ್ಲ, ಶಾಖೆಗೇ ಹೋಗಬೇಕು. ಪರವಾನಗಿ ಇರುವ ಸರ್ವೇಯರ್ ಅಥವಾ ವ್ಯಾಲ್ಯುಯರ್‌ನಿಂದ ಮೌಲ್ಯಮಾಪನ ವರದಿ, ನಾಲ್ಕು ಬದಿ, ಎಂಜಿನ್ ಮತ್ತು ಚಾಸಿಸ್ ನಂಬರಿನ ಫೋಟೋ, ರಿಸ್ಟೋರ್ ಮಾಡಿಸಿದ ಬಿಲ್ಲುಗಳು, ಚಾಲ್ತಿಯಲ್ಲಿರುವ ಆರ್‌ಸಿ ಜೊತೆಗಿರಲಿ. ಆರ್‌ಸಿ ನವೀಕರಣ ಬಾಕಿ ಇದ್ದರೆ ಮೊದಲು ಅದನ್ನು ಮುಗಿಸಿ.

ಐಡಿವಿ ಸರಿ ಇದ್ದರೂ ಪೂರ್ತಿ ಬಿಲ್ಲು ಸಿಗುವುದಿಲ್ಲ. ಹತ್ತು ವರ್ಷ ದಾಟಿದ ಕಾರಿನ ಲೋಹದ ಬಿಡಿಭಾಗಕ್ಕೆ 50% ಸವಕಳಿ. 20 ಸಾವಿರದ ಗ್ರಿಲ್‌ಗೆ 10 ಸಾವಿರ ಬರುತ್ತದೆ. ರಬ್ಬರ್, ಪ್ಲಾಸ್ಟಿಕ್, ಬ್ಯಾಟರಿಗೂ 50%, ಗಾಜಿಗೆ ಕಡಿತ ಇಲ್ಲ. ಜೊತೆಗೆ ಪ್ರತಿ ಕ್ಲೇಮಿಗೂ 1,000 ರೂ. ನಿಮ್ಮದೇ. ಗುಜರಿಯಿಂದ ತಂದ ಬಂಪರ್‌ಗೆ ಬಿಲ್ಲಿಲ್ಲದೆ ಕ್ಲೇಮ್ ಕೇಳಿದರೆ ಪಾಸ್ ಆಗುವುದು ಕಷ್ಟ.

ಬಾಡಿ ಶಾಪ್: ಹೊಸ ಕಾರಿಗೆ ಝೀರೋ ಡೆಪ್ ಬಿಡಬೇಡಿ. ಬಂಪರ್ ಪ್ಲಾಸ್ಟಿಕ್, ಅದಿಲ್ಲದಿದ್ದರೆ ಅರ್ಧ ದುಡ್ಡು ನಿಮ್ಮದು. ಮುಂದಿನ ಗ್ರಿಲ್ ಅಥವಾ ಬಂಪರ್ ಒಳಗೆ ರೇಡಾರ್, ಮುಂದಿನ ಗಾಜಿನ ಮೇಲ್ಭಾಗದಲ್ಲಿ ಕ್ಯಾಮೆರಾ ಇರುವ ಗಾಡಿಯಾದರೆ ಗಾಜು ಬದಲಿಸಿದ ಮೇಲೆ ಕ್ಯಾಲಿಬ್ರೇಶನ್ (ಕ್ಯಾಮೆರಾ ಮತ್ತೆ ಸರಿಹೊಂದಿಸುವುದು) ಮಾಡಿಸಲೇಬೇಕು. ಎಸ್ಟಿಮೇಟ್‌ನಲ್ಲಿ ಅದರ ಚಾರ್ಜ್ ಬರೆಸಿಕೊಳ್ಳಿ. ಎಲ್‌ಇಡಿ ಹೆಡ್‌ಲೈಟ್‌ನ ಒಂದು ಕಿವಿ (ಅದನ್ನು ಕೂರಿಸುವ ಹಿಡಿ) ಮುರಿದರೂ ಸಾಮಾನ್ಯವಾಗಿ ಪೂರ್ತಿ ಸೆಟ್ ಬದಲು. ಹೊಸ ಕಾರಿನ ಕ್ಲೇಮ್ ದುಬಾರಿ ಆಗುವುದೇ ಇಲ್ಲಿ. ಫಿಯಟ್‌ನಲ್ಲಿ ಬಲ್ಬು, ಗಾಜು, ರಿಂಗು ಬೇರೆ ಬೇರೆ ಸಿಗುತ್ತವೆ, ಖರ್ಚು ಹುಡುಕಾಟ ಮತ್ತು ಕೈಕೆಲಸದ್ದು.

ಮಳೆನೀರಲ್ಲಿ ಎಂಜಿನ್ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ಟೋ ಮಾಡಿಸಿ. ಎಂಜಿನ್ ಪ್ರೊಟೆಕ್ಟ್ ಅನ್ನುವ ಹೆಚ್ಚುವರಿ ರಕ್ಷಣೆ ಇಲ್ಲದಿದ್ದರೆ ಒಳಗೆ ನೀರು ಹೋಗಿ ಬಾಗಿದ ಕನೆಕ್ಟಿಂಗ್ ರಾಡ್‌ಗೆ ದುಡ್ಡು ಬರಲ್ಲ.

ಪ್ರಶ್ನೆ ಕೇಳಿದವರು: ವಿಂಟೇಜ್ ನೋಂದಣಿ ಮಾಡಿಸಿದರೆ ಉಳಿತಾಯ ಆಗುತ್ತದಾ?

ವಿಮಾ ಏಜೆಂಟ್: 50 ವರ್ಷ ದಾಟಿ ಮೂಲರೂಪದಲ್ಲೇ ಇರುವ ಗಾಡಿಗೆ 2021ರ ನಿಯಮದಲ್ಲಿ ಅವಕಾಶ ಇದೆ. ಈಗಾಗಲೇ ನೋಂದಣಿ ಆಗಿದ್ದರೆ ಹಳೆಯ ನಂಬರೇ ಉಳಿಯುತ್ತದೆ. ಥರ್ಡ್ ಪಾರ್ಟಿಯಲ್ಲಿ 50% ಬಿಟ್ಟು 1,708, ಜಿಎಸ್‌ಟಿ ಸೇರಿ 2,015. ಆದರೆ ನೋಂದಣಿ ಶುಲ್ಕ 20 ಸಾವಿರ, ಅವಧಿ ಹತ್ತು ವರ್ಷ. ಹತ್ತು ವರ್ಷದ ಉಳಿತಾಯವೂ ಹೆಚ್ಚುಕಡಿಮೆ ಅಷ್ಟೇ! ಮೇಲಾಗಿ ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಬಿಟ್ಟರೆ ದಿನಬಳಕೆಗೆ ಓಡಿಸುವಂತಿಲ್ಲ. ಭಾನುವಾರ ಮನೆಮಂದಿಯನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೋಗುವ ಆಸೆ ಇದ್ದರೆ ಮಾಮೂಲಿ ನೋಂದಣಿಯಲ್ಲೇ ಇರಲಿ.

ಸರ್ವೇಯರ್: ರ‍್ಯಾಲಿಗೆ ಒಯ್ಯುವುದಾದರೆ ಪಾಲಿಸಿಯ ‘ಬಳಕೆಯ ಮಿತಿ’ ಭಾಗ ಓದಿ. ರೇಸ್, ವೇಗಪರೀಕ್ಷೆ, ರಿಲಯಬಿಲಿಟಿ ಟ್ರಯಲ್‌ಗೆ (ಗಾಡಿಯ ತಾಳಿಕೆ ಪರೀಕ್ಷೆ) ರಕ್ಷಣೆ ಇಲ್ಲ. ಗಾಡಿ ಹೆಚ್ಚಾಗಿ ಶೆಡ್‌ನಲ್ಲೇ ನಿಲ್ಲುವುದಾದರೆ, ಥರ್ಡ್ ಪಾರ್ಟಿ ಜೊತೆ ಬೆಂಕಿ ಮತ್ತು ಕಳವು ಮಾತ್ರ ಸೇರಿಸಿ ಕೊಡುತ್ತೀರಾ ಅಂತ ಅದೇ ಶಾಖೆಯಲ್ಲಿ ವಿಚಾರಿಸಿ. ವೈರಿಂಗ್ ಇನ್ನೂ 1968ರದ್ದೇ ಆಗಿದ್ದರೆ ಬೆಂಕಿಯ ರಕ್ಷಣೆ ಬೇಕೇ ಬೇಕು.