ನೀರಿನ ಮೇಲೆ ಇಳಿದ ವಿಮಾನದಲ್ಲಿ ಯಾವ ಬಾಗಿಲು ತೆರೆಯಬಾರದು ಅಂತ ತೀರ್ಮಾನಿಸುವವರು ಯಾರು?

ಕಿಟಕಿಸೀಟು:

2009ರ ಜನವರಿ 15ರಂದು ನ್ಯೂಯಾರ್ಕಿನ ಹಡ್ಸನ್ ನದಿಯಲ್ಲಿ ಇಳಿದ ಯುಎಸ್ ಏರ್‌ವೇಸ್ 1549 ವಿಮಾನದ ಬಗ್ಗೆ ಕೆಲವು ದಿನಗಳಿಂದ ಓದುತ್ತಿದ್ದೇನೆ. ಹಕ್ಕಿಗಳ ಹಿಂಡು ಬಡಿದು ಎರಡೂ ಎಂಜಿನ್ ಕೈಕೊಟ್ಟಿದ್ದು, ಕ್ಯಾಪ್ಟನ್ ಸಲ್ಲೆನ್‌ಬರ್ಗರ್ ನದಿಯಲ್ಲೇ ಇಳಿಸಿದ್ದು, 155 ಜನರೂ ಬದುಕಿದ್ದು ಎಲ್ಲರಿಗೂ ಗೊತ್ತು. ನನ್ನ ತಲೆ ಕೊರೆಯುತ್ತಿರುವುದು ವಿಮಾನ ನಿಂತ ನಂತರದ ಕೆಲವು ನಿಮಿಷಗಳು.

ಕ್ಯಾಪ್ಟನ್ ಕಡೆಯಿಂದ ಇಳಿಯುವ ಮುಂಚೆ ಬಂದ ಸೂಚನೆ "ಬ್ರೇಸ್ ಫಾರ್ ಇಂಪ್ಯಾಕ್ಟ್" (ಬಡಿತಕ್ಕೆ ಸಿದ್ಧರಾಗಿ) ಅಷ್ಟೇ. ನೀರಿಗೆ ಇಳಿಯುತ್ತೇವೆ ಅನ್ನುವ ಮಾತೇ ಅದರಲ್ಲಿ ಇರಲಿಲ್ಲ. ಮುಂದೆ ಇದ್ದ ಇಬ್ಬರು ಗಗನಸಖಿಯರಿಗೆ ಇದು ನದಿ ಅಂತ ಗೊತ್ತಾಗಿದ್ದೇ ಹೊರಗೆ ನೋಡಿದಾಗ. ಹಿಂದೆ ಇದ್ದವರು ಒಬ್ಬರೇ. ಅಲ್ಲಿ ವಿಮಾನದ ಹೊಟ್ಟೆ ಒಡೆದು ನೀರು ನುಗ್ಗುತ್ತಿತ್ತು. ಅವರು ಹೇಳಿದ ಪ್ರಕಾರ ಒಬ್ಬ ಪ್ರಯಾಣಿಕರು ಬಂದು ಹಿಂದಿನ ಬಾಗಿಲನ್ನು ಸ್ವಲ್ಪ ತೆರೆದರು, ಅದನ್ನು ವಾಪಸ್ ಮುಚ್ಚಲು ಆಗಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಕ್ಯಾಪ್ಟನ್ "ಇವ್ಯಾಕ್ಯುಯೇಟ್" ಅಂದ ಮೇಲೂ "ಈ ಬಾಗಿಲು ತೆರೆಯಲ್ಲ" ಅಂತ ಗಗನಸಖಿ ತಾವಾಗಿ ತೀರ್ಮಾನಿಸಬಹುದಾ? ಅಷ್ಟು ದೊಡ್ಡ ತೀರ್ಮಾನವನ್ನು ಒಬ್ಬರ ತಲೆಗೆ ಬಿಡುವುದು ಸರಿಯಾ?

ಜಂಪ್‌ಸೀಟ್:

ಕ್ಯಾಬಿನ್ ಕ್ರೂ ಆಗಿ ಕೆಲಸ ಮಾಡಿದ್ದೇನೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಖಂಡಿತ ತೀರ್ಮಾನಿಸಬಹುದು. ತೀರ್ಮಾನಿಸಲೇಬೇಕು. ಕ್ಯಾಪ್ಟನ್ ಹೇಳುವುದು ಜನರನ್ನು ಹೊರಗೆ ಕಳಿಸಿ ಅಂತ. ಯಾವ ಬಾಗಿಲಿಂದ ಅನ್ನುವುದು ಆ ಬಾಗಿಲ ಪಕ್ಕ ನಿಂತವರಿಗೆ ಬಿಟ್ಟದ್ದು, ಯಾಕೆಂದರೆ ಕಾಕ್‌ಪಿಟ್‌ನಲ್ಲಿ ಕೂತವರಿಗೆ ಹಿಂದಿನ ಬಾಗಿಲಿನ ಹೊರಗೆ ಏನಿದೆ ಅಂತ ಕಾಣುವುದೇ ಇಲ್ಲ. ಬಾಗಿಲಲ್ಲೇ ಒಂದು ಪುಟ್ಟ ಕಿಟಕಿ ಇರುತ್ತದೆ. ಹಿಡಿಕೆಗೆ ಕೈ ಹಾಕುವ ಮುಂಚೆ ಅದರಲ್ಲಿ ನೋಡಬೇಕು. ಹೊರಗೆ ಬೆಂಕಿ ಇದೆಯಾ, ಚೂಪಾದ ಲೋಹದ ಚೂರು ಇದೆಯಾ, ನೀರಾದರೆ ಅದು ಹೊಸ್ತಿಲಿಗಿಂತ ಮೇಲಿದೆಯಾ ಕೆಳಗಿದೆಯಾ. ಹೊಸ್ತಿಲು ಮುಳುಗಿದ್ದರೆ ಆ ಬಾಗಿಲು ಮುಗಿಯಿತು. ತೆರೆದರೆ ನೀರು ಒಳಗೆ ಬರುತ್ತದೆ, ಆ ನೀರಿನ ಒತ್ತಡದ ಎದುರು ಮುಚ್ಚುವುದು ಕನಸಿನ ಮಾತು.

ಟ್ರೇನಿಂಗ್‌ನಲ್ಲಿ ಬಾಗಿಲು ತೆರೆಯುವುದನ್ನು ಹೇಗೆ ಕಲಿಸುತ್ತಾರೋ, ಬಾಗಿಲು ಕಾಯುವುದನ್ನೂ ಹಾಗೇ ಕಲಿಸುತ್ತಾರೆ. ಬಾಗಿಲಿಗೆ ಬೆನ್ನು ಕೊಟ್ಟು, ಒಂದು ಕೈಯಲ್ಲಿ ಗೋಡೆಯ ಹಿಡಿ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈ ಅಡ್ಡ ಚಾಚಿ, ಗಂಟಲು ಹರಿಯುವ ಹಾಗೆ ಕೂಗಬೇಕು: ಇಲ್ಲಿ ದಾರಿ ಇಲ್ಲ, ಮುಂದೆ ಹೋಗಿ. ಹೆದರಿದ ಜನ ಹತ್ತಿರದ ಬಾಗಿಲಿಗೇ ನುಗ್ಗುತ್ತಾರೆ. ಅವರದು ತಪ್ಪಲ್ಲ. ಅವರನ್ನು ಬಂದ ದಾರಿಗೇ ತಿರುಗಿಸುವುದು ಎಷ್ಟು ಕಷ್ಟ ಅಂತ ಸುಮ್ನೆ ಕೂತು ಊಹಿಸಲು ಆಗಲ್ಲ.

ಹಡ್ಸನ್‌ನಲ್ಲಿ ಹಿಂದೆ ಇದ್ದ ಆ ಗಗನಸಖಿ ಮಾಡಿದ್ದು ಅದನ್ನೇ. ಒಬ್ಬರೇ, ಏರುತ್ತಿರುವ ತಣ್ಣನೆಯ ನೀರಿನಲ್ಲಿ ನಿಂತು, ಸೀಟುಗಳ ಮೇಲೆ ಹತ್ತಿಯಾದರೂ ಸರಿ, ಮುಂದೆ ಹೋಗಿ ಅಂತ ಜನರನ್ನು ಕಳಿಸಿದರು. ಕೆಳಗಿನಿಂದ ನೆಲ ಸೀಳಿಕೊಂಡು ಬಂದ ಒಂದು ಲೋಹದ ಕಂಬಿ ಅವರ ಕಾಲನ್ನು ಆಳವಾಗಿ ಕುಯ್ದಿತ್ತು. ಅದು ಅವರ ಗಮನಕ್ಕೆ ಬಂದಿದ್ದು ಮುಂದಿನ ಬಾಗಿಲ ರಾಫ್ಟ್‌ಗೆ (ಬಾಗಿಲಿಂದ ಹೊರಗೆ ಉಬ್ಬಿ ನೀರಲ್ಲಿ ತೇಲುವ ಸ್ಲೈಡ್) ಬಂದ ಮೇಲೆ.

ಇನ್ನೊಂದು ವಿಷಯ. ಟೇಕಾಫ್, ಲ್ಯಾಂಡಿಂಗ್ ಹೊತ್ತಿಗೆ ಗಗನಸಖಿಯರು ಜಂಪ್‌ಸೀಟಿನಲ್ಲಿ (ಬಾಗಿಲ ಹತ್ತಿರ ಕ್ರೂ ಕೂರುವ ಮಡಚುವ ಸೀಟು) ಮಾತಿಲ್ಲದೆ ಕೂತಿರುವುದನ್ನು ನೋಡಿರುತ್ತೀರಿ. ಆಗ ಮನಸ್ಸಿನಲ್ಲೇ ಒಂದು ಪಾಠ ಓಡುತ್ತಿರುತ್ತದೆ. ನನ್ನ ಬಾಗಿಲು ಯಾವುದು, ಹೇಗೆ ತೆರೆಯಬೇಕು, ಅದು ಕೆಲಸಕ್ಕೆ ಬಾರದಿದ್ದರೆ ಜನರನ್ನು ಎಲ್ಲಿಗೆ ಕಳಿಸಬೇಕು, ಹತ್ತಿರದ ಸಾಲಿನಲ್ಲಿ ನೆರವಿಗೆ ಬರುವಂಥ ಗಟ್ಟಿಮುಟ್ಟಾದವರು ಯಾರಿದ್ದಾರೆ. ಹಡ್ಸನ್‌ನಲ್ಲಿ ಮುಂದಿನ ಒಂದು ಬಾಗಿಲು ಪೂರ್ತಿ ತೆರೆದು ನಿಲ್ಲದೆ ವಾಪಸ್ ವಾಲಿ ರಾಫ್ಟ್‌ಗೆ ಒತ್ತುತ್ತಿತ್ತು. ಅದನ್ನು ಹಿಡಿದುಕೊಳ್ಳಲು ಒಬ್ಬ ಪ್ರಯಾಣಿಕರನ್ನೇ ನಿಲ್ಲಿಸಿದರು. ಇನ್ನೊಂದು ಬಾಗಿಲಲ್ಲಿ ಸ್ಲೈಡ್ ತಾನಾಗಿ ಉಬ್ಬಲಿಲ್ಲ, ಕೈಯಿಂದ ಎಳೆದು ಉಬ್ಬಿಸಿದರು. ಇವೆಲ್ಲ ಪುಸ್ತಕ ತೆರೆದು ನೋಡಿ ಮಾಡುವ ಕೆಲಸಗಳಲ್ಲ.

ಮಾತಿಗೆಮಾತು:

ಒಪ್ಪುತ್ತೇನೆ, ಆದರೆ ಒಂದು ಆತಂಕ ಇದೆ. ಒಬ್ಬರ ತೀರ್ಮಾನ ತಪ್ಪಾದರೆ? ಚೆನ್ನಾಗಿರುವ ಬಾಗಿಲನ್ನೇ ಹೆದರಿ ಮುಚ್ಚಿಟ್ಟರೆ ಜನ ಒಳಗೇ ಸಿಕ್ಕಿಕೊಳ್ಳುತ್ತಾರಲ್ಲ. ಅದಕ್ಕಿಂತ ಎಲ್ಲರೂ ಕ್ಯಾಪ್ಟನ್ ಮಾತಿಗೆ ಕಾಯುವುದು ಒಳ್ಳೆಯದಲ್ವಾ? ವಿಮಾನ ಅಂದ ಮೇಲೆ ಒಬ್ಬರೇ ಮುಖ್ಯಸ್ಥರು ಇರಬೇಕು.

ಜಂಪ್‌ಸೀಟ್:

ಕಾಯುತ್ತಾ ಕೂತರೆ ಏನಾಗಬಹುದು ಅಂತ ಯೋಚಿಸಿ. 2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನ ರನ್‌ವೇ ಮೇಲೆ ಇನ್ನೊಂದು ವಿಮಾನಕ್ಕೆ ಡಿಕ್ಕಿ ಹೊಡೆದು ಹೊತ್ತಿ ಉರಿಯಿತು. ಅದು ನೀರಲ್ಲ, ನೆಲ. ಆದರೆ ಪ್ರಶ್ನೆ ಇದೇ. ಒಳಗಿನ ಮೈಕ್ ಕೆಲಸ ಮಾಡಲಿಲ್ಲ. ಮೆಗಾಫೋನ್ ಹಿಡಿದು, ಬರಿ ಗಂಟಲಲ್ಲಿ ಕೂಗಿ ದಾರಿ ತೋರಿಸಿದರು. ಎಂಟು ಬಾಗಿಲುಗಳಲ್ಲಿ ಬಳಸಿದ್ದು ಮೂರೇ. ಹಿಂದಿನ ಎಡ ಬಾಗಿಲ ಹತ್ತಿರ ಇದ್ದ ಸಿಬ್ಬಂದಿಗೆ ಕಾಕ್‌ಪಿಟ್ ಸಂಪರ್ಕವೇ ಸಿಗಲಿಲ್ಲ, ಹೊರಗೆ ನೋಡಿ, ಬಳಸಬಹುದು ಅಂತ ತಾವೇ ತೀರ್ಮಾನಿಸಿ ತೆರೆದರು. ಆ ವಿಮಾನದಲ್ಲಿದ್ದ 379 ಜನರೂ ಹೊರಗೆ ಬಂದರು. ಉಳಿದ ಐದು ಬಾಗಿಲು ಮುಚ್ಚಿಟ್ಟಿದ್ದು ಕೂಡ ಆ ಕೆಲಸದ ಭಾಗವೇ.

ಬೆಂಕಿ, ಒಡೆದ ವಿಮಾನ, ನೀರಿನ ಮೇಲೆ ಇಳಿದದ್ದು, ಇಂಥ ಕಣ್ಣೆದುರಿನ ಅಪಾಯದಲ್ಲಿ ಕಾಕ್‌ಪಿಟ್‌ನಿಂದ ಮಾತು ಬಾರದಿದ್ದರೆ ಕ್ರೂ ತಾವಾಗಿಯೇ ಜನರನ್ನು ಇಳಿಸಲು ಶುರು ಮಾಡಬಹುದು ಅಂತ ನಮಗೆ ಮೊದಲೇ ಹೇಳಿಕೊಟ್ಟಿರುತ್ತಾರೆ. ಕ್ಯಾಪ್ಟನ್ ಅಧಿಕಾರಕ್ಕೆ ಅದರಿಂದ ಏನೂ ಕುಂದಿಲ್ಲ.

ಹ್ಯಾಂಗರ್:

ಕ್ಯಾಪ್ಟನ್ ಮತ್ತು ಕ್ಯಾಬಿನ್ ಇಬ್ಬರೂ ಸೇರಿ ತೀರ್ಮಾನ ಮಾಡಿದ್ದಕ್ಕೂ ಒಂದು ಒಳ್ಳೆಯ ಉದಾಹರಣೆ ಇದೆ, ಹಳೆಯದು. 1956ರ ಅಕ್ಟೋಬರ್‌ನಲ್ಲಿ ಹೊನೊಲುಲುವಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ಪ್ಯಾನ್ ಆ್ಯಮ್ ವಿಮಾನದ ನಾಲ್ಕು ಎಂಜಿನ್‌ಗಳಲ್ಲಿ ಎರಡು ಕೈಕೊಟ್ಟವು. ಕೆಳಗೆ ಕೋಸ್ಟ್ ಗಾರ್ಡ್ ಹಡಗು ಇತ್ತು. ಬೆಳಕು ಹರಿಯುವವರೆಗೆ ಹಡಗಿನ ಮೇಲೆ ಸುತ್ತುತ್ತಲೇ ಇದ್ದರು. ಆ ಮಾದರಿಯ ವಿಮಾನ ನೀರಿಗೆ ಬಿದ್ದರೆ ಬಾಲ ಮುರಿಯುವ ಅಪಾಯ ಇದೆ ಅಂತ ಗೊತ್ತಿದ್ದರಿಂದ ಹಿಂದೆ ಕೂತವರನ್ನೆಲ್ಲ ಮುಂದಕ್ಕೆ ಕರೆತಂದು ಕೂರಿಸಿದರು. ಬಾಲ ನಿಜವಾಗಿಯೂ ಮುರಿದು ಹೋಯಿತು. 31 ಜನರೂ ಬದುಕಿದರು. ರಾತ್ರಿಯಿಡೀ ಸಮಯ ಸಿಕ್ಕಿದ್ದಕ್ಕೆ ಅದು ಸಾಧ್ಯವಾಯಿತು. ಹಡ್ಸನ್‌ನಲ್ಲಿ ಹಕ್ಕಿ ಬಡಿದು ನೀರು ಮುಟ್ಟುವವರೆಗೆ ಸಿಕ್ಕಿದ್ದು ಮೂರೂವರೆ ನಿಮಿಷ.

ಕಿಟಕಿಸೀಟು:

ಇಬ್ಬರಿಗೂ ತುಂಬಾ ಧನ್ಯವಾದ. ಕಾಲಿನ ಗಾಯದ ವಿಷಯ ಓದಿ ಮನಸ್ಸು ಭಾರವಾಯಿತು. ಇನ್ನೊಂದು ಕೇಳುತ್ತೇನೆ. ಲೈಫ್ ಜಾಕೆಟ್ ಒಳಗೇ ಉಬ್ಬಿಸಬೇಡಿ ಅಂತ ಪ್ರತಿ ಸಲ ಹೇಳುತ್ತಾರಲ್ಲ, ನೀರು ಒಳಗೆ ಬರುತ್ತಿದ್ದರೂ ಹಾಗೇನಾ?

ಜಂಪ್‌ಸೀಟ್:

ಹೌದು, ನೀರು ಬರುತ್ತಿದ್ದರೆ ಇನ್ನೂ ಜಾಸ್ತಿ ಎಚ್ಚರ ಬೇಕು. 1996ರ ನವೆಂಬರ್ 23ರಂದು ಅಪಹರಣವಾಗಿದ್ದ ಇಥಿಯೋಪಿಯನ್ ಏರ್‌ಲೈನ್ಸ್ 961 ವಿಮಾನ ಇಂಧನ ಮುಗಿದು ಕೊಮೊರೊಸ್ ದ್ವೀಪಗಳ ಹತ್ತಿರ ಸಮುದ್ರಕ್ಕೆ ಇಳಿಯಿತು. 175 ಜನರಲ್ಲಿ 125 ಜನ ತೀರಿಕೊಂಡರು. ಎಷ್ಟೋ ಜನ ಒಳಗೇ ಜಾಕೆಟ್ ಉಬ್ಬಿಸಿಕೊಂಡಿದ್ದರು. ನೀರು ತುಂಬಿದಾಗ ಜಾಕೆಟ್ ಅವರನ್ನು ಎತ್ತಿ ಚಾವಣಿಗೆ ಒತ್ತಿತು. ಬಾಗಿಲು ಕೆಳಗೆ, ಅವರು ಮೇಲೆ. ಮುಳುಗಿ ಈಜಿ ಹೊರಗೆ ಬರಲು ಜಾಕೆಟ್ಟೇ ಬಿಡಲಿಲ್ಲ. ಆ ಘಟನೆ ಬಗ್ಗೆ ನಮಗೆ ಪಾಠ ಮಾಡಿದಾಗ ಕ್ಲಾಸಿನಲ್ಲಿ ಒಬ್ಬರೂ ಮಾತಾಡಿರಲಿಲ್ಲ.

ಬಾಗಿಲ ಹೊಸ್ತಿಲು ದಾಟುವಾಗ ಜಾಕೆಟ್ಟಿನ ಕೆಂಪು ಹಿಡಿಕೆ ಎಳೆಯಿರಿ. ಅದಕ್ಕಿಂತ ಮುಂಚೆ ಬೇಡ.

ಹ್ಯಾಂಗರ್:

ಹಡ್ಸನ್‌ನಲ್ಲಿ ತೊಂದರೆ ಉಲ್ಟಾ ಇತ್ತು. ತುಂಬಾ ಜನ ಜಾಕೆಟ್ ತೆಗೆದುಕೊಳ್ಳದೆಯೇ ಹೊರಗೆ ಬಂದರು. ಸೀಟಿನ ಕೆಳಗಿಂದ ಎಳೆದು ತೆಗೆಯಲು ಹೋದವರಲ್ಲೂ ಕೆಲವರಿಗೆ ಆಗಲಿಲ್ಲ. ನದಿಯ ನೀರು 5 ಡಿಗ್ರಿ ಸೆಲ್ಸಿಯಸ್ ಹತ್ತಿರ ಇತ್ತು, ದೋಣಿಗಳು ನಾಲ್ಕೈದು ನಿಮಿಷದಲ್ಲೇ ಬರದಿದ್ದರೆ ರೆಕ್ಕೆ ಮೇಲೆ ನಿಂತವರ ಗತಿ ಏನು ಅಂತ ಯೋಚಿಸಲೂ ಭಯವಾಗುತ್ತದೆ. ಹಿಂದಿನ ಎರಡು ಬಾಗಿಲು ಹೋದ ಮೇಲೆ ಅಲ್ಲಿದ್ದ ಎರಡು ರಾಫ್ಟ್‌ಗಳೂ ಇಲ್ಲದ ಹಾಗಾಯಿತು. ಹಾಗಾಗಿಯೇ ಅಷ್ಟು ಜನ ರೆಕ್ಕೆಗಳ ಮೇಲೆ ನಿಲ್ಲಬೇಕಾಗಿ ಬಂದದ್ದು. ರೆಕ್ಕೆಯ ಪಕ್ಕದ ಸ್ಲೈಡ್‌ಗಳನ್ನು ವಿಮಾನದಿಂದ ಸುಲಭವಾಗಿ ಬಿಡಿಸಿಕೊಳ್ಳುವ ವ್ಯವಸ್ಥೆಯೂ ಇರಲಿಲ್ಲ. ಆ ವ್ಯವಸ್ಥೆ ಬೇಕು, ಹಿಡಿದುಕೊಳ್ಳಲು ಹಿಡಿಗಳೂ ಬೇಕು ಅಂತ ತನಿಖೆ ಮಾಡಿದ ಎನ್‌ಟಿಎಸ್‌ಬಿ (ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ) ಆಮೇಲೆ ಶಿಫಾರಸು ಮಾಡಿತು.